ಕಾಶಿಬಾಯಿಯ ಆರು ಹೊತ್ತಿನ ಊಟ

ಕಾಶಿಬಾಯಿಯ ಹೊಟ್ಟೆಯ ಮೂರು ಪಾಲಿನಲ್ಲಿ ಎರಡು ಪಾಲನ್ನು ಡಾಕ್ಟರರು ಕೊಯ್ದು ತೆಗೆದದ್ದು ೧೯೭೫ರಲ್ಲಿ, ಶಿವರಾತ್ರಿ ಕಳೆದ ವಾರ. ಅದಕ್ಕೂ ಮೊದಲು ಎಂಟು ವರ್ಷ ಆಕೆ ತಿನ್ನುವ ಸೋಡಾ ನುಂಗಿ ಹೊಟ್ಟೆಯ ಉರಿಯನ್ನು ತಡೆದುಕೊಂಡಿದ್ದಳು. ಉರಿ ಎದ್ದಾಗ ಒಲೆಯ ಮುಂದೆಯೇ ಮೊಣಕಾಲನ್ನು ಹೊಟ್ಟೆಗೆ ಒತ್ತಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಕೇಳಿದವರಿಗೆ ವಾಯು ಎಂದು ಹೇಳುತ್ತಿದ್ದಳು. ಆ ಚಳಿಗಾಲದಲ್ಲಿ ತಿಂದದ್ದೆಲ್ಲ ವಾಂತಿಯಾಗತೊಡಗಿತು. ಒಂದು ಮುಂಜಾನೆ ವಾಂತಿಯಲ್ಲಿ ಕಪ್ಪು ರಕ್ತ ಕಂಡಾಗ ಗಂಡ ಬಸಗೊಂಡಪ್ಪ ಹೊಲದ ಕೆಲಸ ಬಿಟ್ಟು, ತಿಕೋಟಾದಿಂದ ಜೀಪು ಮಾಡಿಕೊಂಡು ಆಕೆಯನ್ನು ವಿಜಾಪುರದ ದವಾಖಾನೆಗೆ ಒಯ್ದಿದ್ದ. ಹುಣ್ಣು ಹಳೆಯದು, ಔಷಧಕ್ಕೆ ಬಗ್ಗುವ ಕಾಲ ಮುಗಿದಿದೆ ಎಂದು ಡಾಕ್ಟರರು ಹೇಳಿದರು. ಕಾಶಿಬಾಯಿಗೆ ಆಗ ನಲವತ್ತಾರು.

ಹದಿನಾಲ್ಕನೆಯ ದಿನ ಮನೆಗೆ ಕಳಿಸುವಾಗ ಗುಲಶನ ಎಂಬ ನರ್ಸು ಒಂದು ಸಣ್ಣ ಸ್ಟೀಲಿನ ವಾಟಿ ಹಿಡಿದುಕೊಂಡು ಬಂದು ಹಾಸಿಗೆಯ ಅಂಚಿಗೆ ಕೂತಳು. ಇನ್ನು ಮೇಲೆ ಒಂದು ಹೊತ್ತಿಗೆ ಇಷ್ಟೇ ಊಟ, ಆದರೆ ದಿನಕ್ಕೆ ಆರು ಸಲ ಎಂದಳು. ಊಟದ ಜೊತೆ ನೀರು ಕುಡಿಯಬಾರದು, ತಾಸಿನ ಮೇಲೆ ಕುಡಿಯಬೇಕು. ಬೆಲ್ಲ, ಸಕ್ಕರೆ ಮುಟ್ಟಬಾರದು. ಚೆನ್ನಾಗಿ ಅಗಿಯಬೇಕು, ಉಂಡ ಮೇಲೆ ಅರ್ಧ ತಾಸು ಮಲಗಬೇಕು. ಇದನ್ನೆಲ್ಲ ಬಸಗೊಂಡಪ್ಪನಿಗೂ ಎರಡೆರಡು ಸಲ ಹೇಳಿಸಿ ಕೇಳಿದಳು. ಹೊಟ್ಟೆ ತುಂಬಿತು ಅನ್ನಿಸಿದ ಕೂಡಲೇ ನಿಲ್ಲಿಸಬೇಕು, ಒಂದು ತುತ್ತು ಹೆಚ್ಚಾದರೂ ತ್ರಾಸಾಗುತ್ತದೆ ಎಂದಾಗ ಕಾಶಿಬಾಯಿ ಒಂದು ಮಾತು ಕೇಳಿದಳು.

"ತುಂಬಿದ್ದು ಹ್ಯಾಂಗ ತಿಳೀಬೇಕ್ರಿ?"

ಗುಲಶನ ನಕ್ಕಳು. ಆಮೇಲೆ ಆಕೆ ತಮಾಷೆಗೆ ಕೇಳಿಲ್ಲ ಎಂದು ಗೊತ್ತಾಗಿ ನಗು ನಿಲ್ಲಿಸಿದಳು.

"ಇಷ್ಟು ದಿನಾ ಹ್ಯಾಂಗ ತಿಳೀತಿತ್ರಿ ಅಕ್ಕಾರ?"

"ರೊಟ್ಟಿ ಬುಟ್ಟಿ ಬರಿದಾದರ ತಿಳೀತಿತ್ತು."

ಬಸಗೊಂಡಪ್ಪ ಕಿಟಕಿಯ ಕಡೆ ನೋಡಿದ. ಗುಲಶನ ಕಾಶಿಬಾಯಿಯ ಕೈ ಹಿಡಿದು ಎದೆಗೂಡಿನ ಕೆಳಗೆ ಇಟ್ಟಳು. ಇಲ್ಲಿ ಯಾರೋ ಹಿಡಿದುಕೊಂಡ ಹಾಗೆ ಬಿಗಿ ಬರುತ್ತದೆ, ಅದಕ್ಕಿಂತ ಒಂದು ತುತ್ತು ಮೊದಲೇ ಕೈ ತೊಳೆಯಬೇಕು, ತಾಟಿನಲ್ಲಿ ಉಳಿಯಿತೆಂದು ನೋಡಬಾರದು ಎಂದು ತಿಳಿಸಿದಳು. ವಾಟಿಯನ್ನು ಆಕೆಯ ಚೀಲದಲ್ಲೇ ಹಾಕಿದಳು.

ತಿಕೋಟಾದ ಮನೆಯಲ್ಲಿ ಊಟಕ್ಕೆ ಒಂದು ಕ್ರಮವಿತ್ತು. ಮುಂಜಾನೆ ಮೊದಲು ಮಗ ಅಮರಪ್ಪ ಉಣ್ಣುತ್ತಿದ್ದ, ಏಕೆಂದರೆ ಅವನು ವಿಜಾಪುರದ ಕಚೇರಿಯೊಂದರಲ್ಲಿ ಕಾರಕೂನ, ಒಂಬತ್ತರ ಬಸ್ಸು ಹಿಡಿಯಬೇಕು. ಆಮೇಲೆ ಹೊಲದಿಂದ ಬಂದ ಬಸಗೊಂಡಪ್ಪ, ಅವನ ಜೊತೆ ಬಂದವರು ಯಾರಿದ್ದರೆ ಅವರು. ಅವರಾದ ಮೇಲೆ ಬಸಗೊಂಡಪ್ಪನ ತಾಯಿ ಶಂಕ್ರೆವ್ವ. ಎಪ್ಪತ್ಮೂರು ವರ್ಷದ ಆಕೆ ಪೂಜೆ ಮುಗಿಸದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಎಲ್ಲರದೂ ಮುಗಿದ ಮೇಲೆ ಕಾಶಿಬಾಯಿ, ಸೊಸೆ ನಿಂಬೆವ್ವ ಇಬ್ಬರೂ ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಉಳಿದದ್ದನ್ನು ಹಂಚಿಕೊಳ್ಳುತ್ತಿದ್ದರು. ಐದು ರೊಟ್ಟಿ ಉಳಿದರೆ ಐದೂ ಖರ್ಚು, ಒಂದು ಉಳಿದರೆ ಅರ್ಧರ್ಧ. ಹಳಸುವ ಪಲ್ಯವೂ ಅವರ ಹೊಟ್ಟೆಗೇ. ಇದು ಯಾರೋ ಹೇರಿದ್ದಲ್ಲ, ಶಂಕ್ರೆವ್ವ ಈ ಮನೆಗೆ ಬಂದಾಗಲೂ ಹಾಗೇ ಇತ್ತು.

ಈಗ ಏಳಕ್ಕೆ ಸರಿಯಾಗಿ, ದೇವರ ದೀಪ ಹಚ್ಚುವುದಕ್ಕೂ ಮೊದಲೇ, ನಿಂಬೆವ್ವ ಅತ್ತೆಗೆ ಒಂದು ವಾಟಿ ಮೆತ್ತಗಿನ ನುಚ್ಚು ಕೊಡಬೇಕಾಯಿತು. ಮೊದಲ ದಿನ ಕಾಶಿಬಾಯಿ ಗೋಡೆಗೆ ಮುಖ ಮಾಡಿ ಕೂತು ಉಂಡಳು. ಶಂಕ್ರೆವ್ವ ಹೂಬುಟ್ಟಿ ಹಿಡಿದು ಪಡಸಾಲೆಯಲ್ಲೇ ನಿಂತಳು. ಅರ್ಧ ವಾಟಿಗೆ ಎದೆಯ ಕೆಳಗೆ ಬಿಗಿ ಬಂತು. ಕಾಶಿಬಾಯಿ ಅದನ್ನು ನಂಬದೆ ಇನ್ನೊಂದು ತುತ್ತು ತಿಂದಳು. ಅದು ಗಂಟಲಿನವರೆಗೆ ಬಂದು ನಿಂತು, ಆಕೆ ಹಿತ್ತಲಿಗೆ ಓಡಬೇಕಾಯಿತು. ಮೂರ್ನಾಲ್ಕು ದಿನ ಹೀಗೇ ಆಯಿತು. ಐದನೆಯ ದಿನ ವಾಟಿಯಲ್ಲಿ ಎರಡು ತುತ್ತು ಬಿಟ್ಟು ಕೈ ತೊಳೆದಳು. ಬಿಟ್ಟ ನುಚ್ಚನ್ನು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ವಾಟಿಯನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು.

ನೋಡಲು ಬಂದವರೆಲ್ಲ ಸೊರಗಿದಳೆಂದು ಮರುಗಿದರು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು, ಕುಪ್ಪಸಗಳನ್ನು ನಿಂಬೆವ್ವ ಎರಡು ಸಲ ಒಳಗೆ ಹಿಡಿದು ಹೊಲಿದಿದ್ದಳು. ಬಂದವರ ಮಾತು ಕೇಳಿ ಕೇಳಿ ಶಂಕ್ರೆವ್ವನಿಗೆ ಭಯವಾಯಿತು. ಒಂದು ಕೂಸು ತಿನ್ನುವಷ್ಟನ್ನು ತಿಂದು ದೊಡ್ಡ ಹೆಂಗಸು ಹೇಗೆ ಬದುಕುತ್ತಾಳೆ? ನರ್ಸು ಹೇಳಿದ್ದನ್ನು ಬಸಗೊಂಡಪ್ಪ ತಪ್ಪು ಕೇಳಿಸಿಕೊಂಡಿದ್ದಾನೆ ಎಂದೇ ಆಕೆಯ ಅನುಮಾನ. ಮೂರನೆಯ ವಾರ, ನಿಂಬೆವ್ವ ಬಟ್ಟೆ ಒಗೆಯಲು ಬಾವಿಗೆ ಹೋದಾಗ, ಮುದುಕಿ ತಾನೇ ಒಲೆ ಹೊತ್ತಿಸಿ ಬಾಣಂತಿಗೆ ಮಾಡುವಂತೆ ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಅಂಟಿನ ಉಂಡೆ ಕಟ್ಟಿದಳು. ಎರಡು ಉಂಡೆ, ಒಂದು ಲೋಟ ಸಕ್ಕರೆ ಹಾಲು ತಂದು ಕಾಶಿಬಾಯಿಯ ಮುಂದಿಟ್ಟಳು. ಅಮರಪ್ಪ ಹುಟ್ಟಿದಾಗ ಇದನ್ನೇ ತಿನ್ನಿಸಿ ನಿನ್ನನ್ನು ಎಬ್ಬಿಸಿದ್ದೆ ಎಂದಳು. ಮೂವತ್ತು ವರ್ಷದಲ್ಲಿ ಅತ್ತೆ ತನ್ನ ಕೈಯಿಂದ ಎರಡನೆಯ ಸಲ ಏನಾದರೂ ತಂದುಕೊಟ್ಟದ್ದು ಅದು. ಕಾಶಿಬಾಯಿ ಬೇಡ ಅನ್ನಲಾರದೆ ಎರಡೂ ಉಂಡೆ ತಿಂದು ಹಾಲು ಕುಡಿದಳು.

ನಿಂಬೆವ್ವ ಬಟ್ಟೆಯ ಬುಟ್ಟಿ ಹೊತ್ತು ಬಂದಾಗ ಕಾಶಿಬಾಯಿ ಪಡಸಾಲೆಯ ಕಂಬಕ್ಕೆ ಒರಗಿ ಬೆವರಿನಲ್ಲಿ ತೊಯ್ದಿದ್ದಳು. ಎದೆ ಹೊಡೆದುಕೊಳ್ಳುತ್ತಿತ್ತು, ಕೈಕಾಲು ನಡುಗುತ್ತಿದ್ದವು, ಹೊಟ್ಟೆಯಲ್ಲಿ ಗುಡುಗುಡು ಸದ್ದು. ಶಂಕ್ರೆವ್ವ ಸೆರಗಿನಿಂದ ಗಾಳಿ ಹಾಕುತ್ತ ದೇವರ ಹೆಸರು ಹೇಳುತ್ತಿದ್ದಳು. ನಿಂಬೆವ್ವ ಅತ್ತೆಯನ್ನು ಮಲಗಿಸಿದಳು. ಲೋಟದ ತಳದಲ್ಲಿದ್ದ ಸಕ್ಕರೆ ನೋಡಿದಳು. ಮದುವೆಯಾಗಿ ಮೂರು ವರ್ಷದಲ್ಲಿ ಗಂಡನ ಅಜ್ಜಿಯ ಎದುರು ತುಟಿ ಬಿಚ್ಚದಿದ್ದ ಹುಡುಗಿ ಅಂದು ಮಾತಾಡಿದಳು.

"ಇದು ಬಾಣಂತನ ಅಲ್ಲ ಆಯಿ. ಅವರಿಗೆ ಹೊಟ್ಟೀನ ಇಲ್ಲ. ಇದ್ದದ್ದು ಇಷ್ಟ."

ಆಕೆ ಮುಷ್ಟಿ ಹಿಡಿದು ತೋರಿಸಿದಳು. ಶಂಕ್ರೆವ್ವ ಆ ಮುಷ್ಟಿಯನ್ನೇ ನೋಡಿದಳು. ಸಂಜೆ ಬಸಗೊಂಡಪ್ಪ ಬಂದಾಗ ಮೊಮ್ಮಗನ ಹೆಂಡತಿ ತನ್ನನ್ನು ಗದರಿಸಿದಳೆಂದು ದೂರು ಹೇಳಿದಳು. ಬಸಗೊಂಡಪ್ಪ ಉಳಿದ ಉಂಡೆಗಳ ಡಬ್ಬಿಯನ್ನು ಎತ್ತಿ ತನ್ನ ಹೊಲದ ಬುತ್ತಿಯ ಜೊತೆ ಇಟ್ಟುಕೊಂಡ. ಶಂಕ್ರೆವ್ವ, ನಿಂಬೆವ್ವರ ನಡುವೆ ಎಂಟು ದಿನ ಮಾತಿರಲಿಲ್ಲ. ಮಧ್ಯದಲ್ಲಿ ಮಲಗಿದ ಕಾಶಿಬಾಯಿ ಇಬ್ಬರಿಗೂ ಹೇಳಬೇಕಾದದ್ದನ್ನು ಹೇಳುತ್ತಿದ್ದಳು.

ದಿನ ಕಳೆದಂತೆ ಕಾಶಿಬಾಯಿಗೆ ತನ್ನ ಹೊಟ್ಟೆಯ ಭಾಷೆ ತಿಳಿಯತೊಡಗಿತು. ಆ ಬಿಗಿ ಬರುವ ಮುಂಚೆ ಒಂದು ಸಣ್ಣ ತಣಿವು ಬರುತ್ತಿತ್ತು. ಅರ್ಧ ಮೆತ್ತನೆಯ ರೊಟ್ಟಿ, ಎರಡು ಚಮಚೆ ಬೇಳೆ, ಅಷ್ಟಕ್ಕೇ ಅದು ಬರುತ್ತಿತ್ತು. ಬಿಸಿಯಾಗಿ, ಕೂತು, ಅಗಿದು ಉಣ್ಣುವಾಗ ಜೋಳಕ್ಕೆ ಒಂದು ಸಿಹಿ ಇದೆ ಎಂದು ಆಕೆಗೆ ನಲವತ್ತಾರನೆಯ ವಯಸ್ಸಿಗೆ ಗೊತ್ತಾಯಿತು. ಅದನ್ನು ಗಂಡನಿಗೆ ಹೇಳಿದಾಗ ಅವನು, ಬಿಸಿ ರೊಟ್ಟಿ ಯಾವಾಗಲೂ ಹಾಗೇ ಇರುತ್ತದಲ್ಲ ಅಂದ.

ಐದನೆಯ ವಾರ ಒಂದು ಮಧ್ಯಾಹ್ನ ಬಸಗೊಂಡಪ್ಪನ ಜೊತೆ ಮೂವರು ಬಂದರು, ತೊರವಿಯಿಂದ ಎತ್ತು ನೋಡಲು ಬಂದವರು. ಬುಟ್ಟಿ ತಳ ಕಂಡಿತು. ಕಾಶಿಬಾಯಿ ತನ್ನ ಪಾಲಿನ ವಾಟಿ ಮುಗಿಸಿ ಒಳಮನೆಯಲ್ಲಿ ಒರಗಿದ್ದಳು. ಹೊಟ್ಟೆ ತಣ್ಣಗಿತ್ತು. ಬಾಗಿಲಿನಿಂದ ಅಡುಗೆಮನೆ ಕಾಣುತ್ತಿತ್ತು. ನಿಂಬೆವ್ವ ತೊಡೆಯ ಮೇಲಿನ ವರ್ಷದ ಹೆಣ್ಣುಕೂಸಿಗೆ ಎದೆ ಕೊಟ್ಟು, ಇನ್ನೊಂದು ಕೈಯಿಂದ ಬೋಗುಣಿಯ ತಳಕ್ಕೆ ಹತ್ತಿದ ನುಚ್ಚನ್ನು ಕೆರೆದು, ಕೆಂಪು ಖಾರ ಹಚ್ಚಿ ತಿಂದಳು. ಎರಡೇ ತುತ್ತು. ಆಮೇಲೆ ಎದ್ದು ಗೋಡೆಯ ಮಾಡಿನೊಳಗಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಳಿ ಪುಡಿಯನ್ನು ಬಾಯಿಗೆ ಸುರಿದು ನೀರು ಕುಡಿದಳು, ಕೂಸನ್ನು ಹೊಟ್ಟೆಗೆ ಒತ್ತಿ ಕೂತಳು.

ಕಾಶಿಬಾಯಿಗೆ ಅದು ಏನೆಂದು ಕೇಳಬೇಕಾಗಿರಲಿಲ್ಲ. ಆಕೆ ನೋಡಿದ್ದು ಇದೇ ಮೊದಲ ಸಲ, ಆದರೆ ಇದು ಮೊದಲ ಸಲ ಆಗಿರಲಾರದು. ಮೂರು ವರ್ಷ ಬುಟ್ಟಿಯ ಆಚೆ ಬದಿಗೆ ಕೂತವಳು ಎಷ್ಟು ಉಂಡಳೆಂದು ತಾನು ನೋಡಿರಲಿಲ್ಲ. ತನಗೂ ಹಸಿವಿತ್ತು, ತನ್ನ ಕಣ್ಣೂ ಬುಟ್ಟಿಯ ಮೇಲೇ ಇತ್ತು.

"ಎಷ್ಟು ದಿನಾ ಆತು ಬೇ?" ಎಂದು ಕೇಳಿದಳು.

ನಿಂಬೆವ್ವ ಬೆಚ್ಚಿ ಪೊಟ್ಟಣವನ್ನು ಮುಚ್ಚಿಟ್ಟಳು. ಹೆರಿಗೆ ಆದಾಗಿನಿಂದ ಎಂದಳು. ಯಾರಿಗೂ ಹೇಳಬೇಡಿ ಅತ್ತಿ, ಸುಮ್ಮನೆ ವಾಯು ಅಷ್ಟೆ ಅಂದಳು.

ಮರುದಿನ ಮುಂಜಾನೆ ಅಮರಪ್ಪ ಬಸ್ಸಿನ ಗಡಿಬಿಡಿಯಲ್ಲಿ ಮಣೆ ಹಾಕಿಕೊಂಡು ಕೂತಾಗ ಹಂಚಿನ ಮುಂದೆ ಯಾರೂ ಇರಲಿಲ್ಲ. ರೊಟ್ಟಿ ಬುಟ್ಟಿಯಲ್ಲಿ ಮುಚ್ಚಿಟ್ಟಿತ್ತು. ಅದರ ಪಕ್ಕದಲ್ಲಿ ತಾಯಿ ಮತ್ತು ಹೆಂಡತಿ ಇಬ್ಬರೂ ಉಣ್ಣುತ್ತ ಕೂತಿದ್ದರು. ನಿಂಬೆವ್ವ ಗಂಡನನ್ನು ಕಂಡು ಏಳಲು ಹೋದಳು. ಕಾಶಿಬಾಯಿ ಆಕೆಯ ಮೊಣಕಾಲಿನ ಮೇಲೆ ಕೈ ಇಟ್ಟು ಕೂರಿಸಿದಳು. ಅಮರಪ್ಪ ಬಿಸಿ ರೊಟ್ಟಿ ಎಲ್ಲಿ ಎಂದು ಕೇಳಿದ. ದಿನವೆಲ್ಲ ಕಚೇರಿಯಲ್ಲಿ ದುಡಿಯುವವನು ತಾನು, ಒಂದು ಬಿಸಿ ರೊಟ್ಟಿಗೂ ಗತಿ ಇಲ್ಲವೇ ಎಂದ. ನಿನಗೆ ಡಾಕ್ಟರರು ಹೇಳಿದ್ದಾರೆ, ಸರಿ, ಇವಳಿಗೇನು ಧಾಡಿ ಎಂದ. ಪಡಸಾಲೆಯಿಂದ ಶಂಕ್ರೆವ್ವನೂ ಧ್ವನಿ ಕೂಡಿಸಿದಳು. ಗಂಡ ಉಣ್ಣುವ ಮೊದಲು ಉಂಡ ಹೆಂಗಸರನ್ನು ಈ ಮನೆ ಕಂಡಿಲ್ಲ, ತಾವೂ ಕಡೆಗೆ ಉಂಡವರೇ, ತಾವೇನು ಸತ್ತುಹೋದೆವೇ ಎಂದಳು.

ಕಾಶಿಬಾಯಿ ಬಾಯಲ್ಲಿದ್ದ ತುತ್ತನ್ನು ಅಗಿದು ನುಂಗಿದ ಮೇಲೆ ಮಾತಾಡಿದಳು.

"ನೀವು ಸಾಯಲಿಲ್ಲರಿ ಅತ್ತಿ. ನಾ ಸಾಯಾಕ ಹೋಗಿದ್ದೆ. ಈಕಿ ಅದs ದಾರಿ ಹಿಡದಾಳ." ಮಗನ ಕಡೆ ತಿರುಗಿ, "ನಿನ್ನ ಹೇಣ್ತಿ ಒಂದು ವರ್ಷದಿಂದ ಸೋಡಾ ನುಂಗಾಕತ್ತಾಳ. ನಿನಗ ಗೊತ್ತೈತೇನು?" ಅಂದಳು.

ಅಮರಪ್ಪನಿಗೆ ಗೊತ್ತಿರಲಿಲ್ಲ. ರಕ್ತ ಕಾರಿದ ತಾಯಿಯನ್ನು ಜೀಪಿನಲ್ಲಿ ಒಯ್ಯುವಾಗ ಆಕೆಯ ತಲೆ ತನ್ನ ತೊಡೆಯ ಮೇಲಿದ್ದದ್ದು ನೆನಪಾಯಿತು. ಅವನು ಬುಟ್ಟಿಯಿಂದ ತಾನೇ ಎರಡು ರೊಟ್ಟಿ ತೆಗೆದುಕೊಂಡ. ಪಲ್ಯ ಎಲ್ಲಿದೆ ಎಂದು ಹುಡುಕಿ ಬಡಿಸಿಕೊಳ್ಳುವಷ್ಟರಲ್ಲಿ ಬಸ್ಸು ತಪ್ಪಿತು. ಸಿಟ್ಟಿನಿಂದಲೇ ಮುಂದಿನ ಬಸ್ಸಿಗೆ ಹೋದ. ಸಂಜೆ ಬರುವಾಗ ಒಂದು ಡಜನ್ ಬಾಳೆಹಣ್ಣು ತಂದು, ಯಾರಿಗೆಂದು ಹೇಳದೆ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ.

ಶಂಕ್ರೆವ್ವ ಮಾತ್ರ ಬಗ್ಗಲಿಲ್ಲ. ಆದರೆ ಹಿಂದಿನ ಹಾಗೆ ಗೊಣಗಲೂ ಇಲ್ಲ. ಕಾಶಿಬಾಯಿ, ನಿಂಬೆವ್ವ ಉಣ್ಣುವಾಗ ಬಾಗಿಲಿನ ಹತ್ತಿರ ಜಪದ ಸರ ಹಿಡಿದು ಕೂರುತ್ತಿದ್ದಳು. ವಾಟಿಯಲ್ಲಿ ಇಂದು ಎಷ್ಟು ಉಳಿಯಿತೆಂದು ಒಮ್ಮೊಮ್ಮೆ ಕೇಳುತ್ತಿದ್ದಳು.

ಎಂಟನೆಯ ವಾರ ಬಬಲೇಶ್ವರದಲ್ಲಿ ನಿಂಬೆವ್ವನ ಅಣ್ಣನ ಮಗನ ತೊಟ್ಟಿಲ ಕಾರ್ಯ. ಬೀಗರೆಂದ ಮೇಲೆ ಹೋಗದೆ ಇರುವಂತಿರಲಿಲ್ಲ. ಅಲ್ಲಿ ಹೆಂಗಸರ ಪಂಕ್ತಿ ಕೂರುವುದು ಇಳಿಹೊತ್ತಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಒಂದು ಡಬ್ಬಿಯಲ್ಲಿ ಮೆತ್ತನೆಯ ಅನ್ನ, ಬೇಳೆ ಹಾಕಿಕೊಂಡು ಹೋಗು, ಯಾವುದಾದರೂ ಕೋಣೆಯಲ್ಲಿ ಕೂತು ತಿಂದುಬಿಡು ಎಂದು ಶಂಕ್ರೆವ್ವನೇ ಹೇಳಿದ್ದಳು. ಕಾಶಿಬಾಯಿಗೂ ಅದು ಸರಿ ಅನ್ನಿಸಿತ್ತು.

ಆದರೆ ಹನ್ನೊಂದೂವರೆಗೆ ಡಬ್ಬಿ ಹಿಡಿದು ಒಳಗೆ ಹೋದಾಗ ನಿಂಬೆವ್ವ ತವರಿನ ದೊಡ್ಡ ಒಲೆಯ ಮುಂದೆ ಇದ್ದಳು. ಹಿಂದಿನ ದಿನವೇ ಬಂದು, ನಸುಕಿನಿಂದ ಹೋಳಿಗೆ ಬೇಯಿಸುತ್ತಿದ್ದವಳಿಗೆ ಒಂದು ಲೋಟ ಚಹಾ ಬಿಟ್ಟು ಏನೂ ಸಿಕ್ಕಿರಲಿಲ್ಲ. ಎಡಗೈ ಹೊಟ್ಟೆಯ ಮೇಲಿತ್ತು. ಕಾಶಿಬಾಯಿ ಡಬ್ಬಿಯನ್ನು ಕೆಳಗಿಟ್ಟು ಬೀಗತಿ ತಾಯವ್ವನನ್ನು, ಅಂದರೆ ನಿಂಬೆವ್ವನ ತಾಯಿಯನ್ನು ಕರೆದು, ಎರಡು ತಾಟು ಹಾಕಿಸಿರಿ, ನಾನೂ ನಿಮ್ಮ ಮಗಳೂ ಈಗ ಉಣ್ಣುತ್ತೇವೆ ಎಂದಳು.

ತಾಯವ್ವ ಗಾಬರಿಯಾಗಿ ಹೊರಗೆ ನೋಡಿದಳು. ಅಂಗಳದಲ್ಲಿ ಗಂಡಸರ ಮೊದಲ ಪಂಕ್ತಿಗೆ ಇನ್ನೂ ಎಲೆ ಹಾಕುತ್ತಿದ್ದರು. ನಿಂಬೆವ್ವನ ದೊಡ್ಡಪ್ಪ ಧೂಳಪ್ಪ ಕಾರ್ಯದ ಯಜಮಾನಿಕೆ ಹೊತ್ತವನು, ದನಿ ದೊಡ್ಡದು. ವಿಷಯ ತಿಳಿದು ಬಾಗಿಲಿಗೆ ಬಂದ. ಬೀಗತಿಗೆ ಹುಷಾರಿಲ್ಲ, ಆಕೆಗೆ ಬೇಕಾದರೆ ಒಳಗೇ ಕೊಡಿ, ಮನೆಮಗಳಿಗೆ ಏನು ಅವಸರ, ಊರ ಮಂದಿ ಕೂತಿದ್ದಾರೆ ಎಂದ. ಮಾತಿನಲ್ಲಿ ಮರ್ಯಾದೆ ಇತ್ತು, ಆದರೆ ಎಲ್ಲರಿಗೂ ಕೇಳಿಸುವಂತೆ ಇತ್ತು. ಬಸಗೊಂಡಪ್ಪ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ನಿಂಬೆವ್ವ ಅತ್ತೆಯ ಸೆರಗು ಜಗ್ಗಿ, ಬಿಡ್ರಿ ಅತ್ತಿ ಎಂದು ಪಿಸುಗುಟ್ಟಿದಳು. ಕಾಶಿಬಾಯಿಗೆ ಕಣ್ಣಲ್ಲಿ ನೀರು ಬಂತು. ಆಕೆ ಬೀಗರ ಮನೆಯಲ್ಲಿ ಎಂದೂ ದನಿ ಎತ್ತಿದವಳಲ್ಲ.

ತೊಟ್ಟಿಲ ಪಕ್ಕದಲ್ಲಿ ಹಿರಿಯ ಹೆಂಗಸರ ನಡುವೆ ಶಂಕ್ರೆವ್ವ ಕೂತಿದ್ದಳು. ಕೋಲು ಊರಿ ಎದ್ದಳು. ಗದರಿಸಲು ಬರುತ್ತಿದ್ದಾಳೆಂದು ಎಲ್ಲರೂ ತಿಳಿದರು.

"ಧೂಳಪ್ಪ, ಎರಡಲ್ಲ, ಮೂರು ತಾಟ ಹಾಕಸು," ಅಂದಳು. "ನನಗೂ ಹಸಿವಾಗೈತಿ."

ಬೀಗರ ಮನೆಯ ಹಿರಿಯಳು, ಎಪ್ಪತ್ಮೂರು ವರ್ಷದವಳು, ನಾಲ್ಕು ಮಂದಿಯ ಎದುರು ಹಸಿವಾಗಿದೆ ಎಂದಾಗ ಧೂಳಪ್ಪ ತಾನೇ ಹೋಗಿ ಮಣೆ ತಂದ. ಒಳಮನೆಯಲ್ಲಿ ಮೂವರೂ ಕೂತರು. ಕಾಶಿಬಾಯಿ ಅನ್ನ, ಬೇಳೆ ಕಟ್ಟಿನ ಸಾರು ಮಾತ್ರ ಉಂಡು ಕೈ ಹಿಂದೆ ತೆಗೆದಳು. ನಿಂಬೆವ್ವ ಮೊದಲು ನಾಚಿಕೊಂಡಳು, ಆಮೇಲೆ ಎರಡು ಹೋಳಿಗೆ ತುಪ್ಪದಲ್ಲಿ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದಳು. ತಾಯವ್ವ ಬೀಗತಿಯ ತಾಟು ನೋಡಿ ಕಸಿವಿಸಿಗೊಂಡು, ಏನೂ ಉಣ್ಣಲಿಲ್ಲ, ನಮ್ಮ ಅಡುಗೆ ಸೇರಲಿಲ್ಲವೇನೋ ಎನ್ನುತ್ತ ಬಡಿಸಲು ಬಂದಳು. ಶಂಕ್ರೆವ್ವ ತನ್ನ ಸುಕ್ಕುಗಟ್ಟಿದ ಅಂಗೈಯನ್ನು ಸೊಸೆಯ ತಾಟಿಗೆ ಅಡ್ಡ ಹಿಡಿದಳು.

"ಆಕಿ ಹೊಟ್ಟಿ ತುಂಬೈತಿ. ತುಂಬೈತಿ ಅಂದರ ತುಂಬೈತಿ, ನೀ ಒತ್ತಾಯ ಮಾಡಬ್ಯಾಡ."

ಮೂರು ತಿಂಗಳಿಗೆ ಡಾಕ್ಟರರು ಮತ್ತೆ ಬರಲು ಹೇಳಿದ್ದರು. ಆ ಸಲ ಬಸಗೊಂಡಪ್ಪನಿಗೆ ಬಿತ್ತುವ ಅವಸರ. ಅತ್ತೆಯನ್ನು ತಾನೇ ಕರೆದೊಯ್ಯುತ್ತೇನೆಂದು ನಿಂಬೆವ್ವ ಹೇಳಿದಳು. ಆ ನರ್ಸನ್ನು ನೋಡಬೇಕೆಂದು ಶಂಕ್ರೆವ್ವನೂ ಹೊರಟಳು. ಮುಂಜಾನೆಯ ಬಸ್ಸಿಗೆ ಮೂವರೂ ವಿಜಾಪುರಕ್ಕೆ ಬಂದರು, ಕೂಸು ಅಮರಪ್ಪನ ಬಳಿ ಉಳಿಯಿತು, ಅವನಿಗೆ ಅಂದು ರಜೆ. ತೂಕದಲ್ಲಿ ಕಾಶಿಬಾಯಿ ಎರಡು ಕಿಲೋ ಏರಿದ್ದಳು. ಕಾಶಿಬಾಯಿಯ ಒತ್ತಾಯಕ್ಕೆ ಡಾಕ್ಟರರು ನಿಂಬೆವ್ವನನ್ನೂ ನೋಡಿದರು. ಹುಣ್ಣಾಗುವ ಹಂತ ಇನ್ನೂ ಬಂದಿಲ್ಲ, ಈ ಬಿಳಿ ಔಷಧ ಕುಡಿಯಲಿ, ಹೊತ್ತಿಗೆ ಸರಿಯಾಗಿ ಉಣ್ಣಲಿ, ಸೋಡಾ ಬಿಡಲಿ ಎಂದರು. ಶಂಕ್ರೆವ್ವ ಗುಲಶನಳನ್ನು ಮೂಲೆಗೆ ಕರೆದು ಬಹಳ ಹೊತ್ತು ಏನೋ ಕೇಳಿದಳು. ಗುಲಶನ ನಗುತ್ತ ತಲೆಯಾಡಿಸುತ್ತಿದ್ದಳು. ಏನೆಂದು ಕಾಶಿಬಾಯಿ ಕೇಳಿದ್ದಕ್ಕೆ, ಬೆಲ್ಲ ಇಲ್ಲದ ಉಂಡೆ ಕಟ್ಟಬಹುದೇ ಎಂದು ಕೇಳಿದೆ, ಸಣ್ಣದು ಕಟ್ಟಿರಿ ಅಂದಳು ಎಂದು ಮುದುಕಿ ಹೇಳಿದಳು.

ದವಾಖಾನೆಯಿಂದ ಹೊರಬಿದ್ದಾಗ ಹನ್ನೊಂದೂವರೆ. ಸ್ಟೇಷನ್ ರಸ್ತೆಯ ಒಂದು ಹೋಟೆಲಿನ ಮುಂದೆ ಕಾಶಿಬಾಯಿ ನಿಂತಳು. ಡಬ್ಬಿ ತರುವುದನ್ನು ನಿಂಬೆವ್ವ ಮರೆತಿದ್ದಳು. ಶಂಕ್ರೆವ್ವ ಹುಟ್ಟಿದಾಗಿನಿಂದ ಹೋಟೆಲಿನ ಮೆಟ್ಟಿಲು ಹತ್ತಿದವಳಲ್ಲ. ಒಳಗೆ ಯಾರು ಯಾರು ಕೂತಿರುತ್ತಾರೋ ಎಂದು ಇಣುಕಿ ನೋಡಿದಳು. ಪರದೆ ಹಾಕಿದ ಒಂದು ಕೋಣೆ ಹೆಂಗಸರಿಗಿತ್ತು. ಮೂವರೂ ಅಲ್ಲಿ ಹೋಗಿ ಕುರ್ಚಿಯ ತುದಿಗೆ ಕೂತರು.

ಇಡ್ಲಿ ಬಂದವು, ಒಂದೊಂದು ತಾಟಿಗೆ ಎರಡು. ಕಾಶಿಬಾಯಿ ನಿಧಾನವಾಗಿ ಒಂದನ್ನು ಅಗಿದು ಮುಗಿಸಿದಳು. ಎದೆಯ ಕೆಳಗೆ ಆ ತಣಿವು ಬಂತು. ಎರಡನೆಯದನ್ನು ನಿಂಬೆವ್ವನ ತಾಟಿಗೆ ಸರಿಸಿ, ಸಾಕಾಯಿತು ಎಂದಳು. ಯಾರೂ ಯಾಕೆ ಎಂದು ಕೇಳಲಿಲ್ಲ. ನಿಂಬೆವ್ವ ಮೂರನ್ನೂ ಚಟ್ನಿಯಲ್ಲಿ ಅದ್ದಿ ತಿಂದಳು. ತಿಂದ ಮೇಲೆ ಆಕೆಗೆ ಮನೆ ನೆನಪಾಯಿತು. ಹನ್ನೆರಡರ ಬಸ್ಸು ಹಿಡಿಯದಿದ್ದರೆ ತಡವಾಗುತ್ತದೆ, ಹೊಲದಿಂದ ಮಾವನವರು ಬಂದಿರುತ್ತಾರೆ, ಅವರು ಹಸಿದು ಕೂತಿರುತ್ತಾರೆ ಎನ್ನುತ್ತ ಏಳಲು ನೋಡಿದಳು.

ಶಂಕ್ರೆವ್ವ ಬೆರಳಿಗೆ ಹತ್ತಿದ ಚಟ್ನಿಯನ್ನು ನೆಕ್ಕುತ್ತಿದ್ದಳು.

"ಬುಟ್ಟ್ಯಾಗ ರೊಟ್ಟಿ ಅದಾವ, ಗಡಿಗ್ಯಾಗ ಮಸರೈತಿ," ಅಂದಳು. "ಹಸಿದರ ಹಚ್ಚಿಗೊಂಡು ತಿಂತಾರ. ನೀ ಕುಂದರು, ಇನ್ನೊಂದು ತಾಟ ಹೇಳು."